ಡಿಎಸ್18ಬಿ20 ಸೆನ್ಸರ್ ತಗೊಳ್ಳುವ ಮುಂಚೆ ಇದನ್ನು ಓದಿ

ಎಲೆಕ್ಟ್ರಾನಿಕ್ ಬೋರ್ಡಿಗೆ ಡಿಎಸ್18ಬಿ20 ಟೆಂಪರೇಚರ್ ಸೆನ್ಸರ್ ಹಾಕಬೇಕು ಅಂತಿರುವವರು ದಯವಿಟ್ಟು ಓದಿ. ನಾನು ನಕಲಿ ಮಾಲು ತಗೊಂಡು ಮೋಸ ಹೋದೆ. ಒಂದೆರಡಲ್ಲ, 40 ಪೀಸ್. ಇನ್ನೂ ಹೊಟ್ಟೆ ಉರಿಯುತ್ತಿದೆ.

ಶಿಡ್ಲಘಟ್ಟದ ಹತ್ತಿರ ನಮ್ಮ ಸೋದರಮಾವನ ರೇಷ್ಮೆ ಚಾಕಿ ಮನೆಗೆ (ಎಳೆ ಹುಳ ಸಾಕುವ ಮನೆ) ಬೋರ್ಡ್ ಮಾಡಿಕೊಟ್ಟಿದ್ದೆ. ಎಳೆ ಹುಳಕ್ಕೆ 26ರಿಂದ 28 ಡಿಗ್ರಿ ಬೇಕು. 27 ಮುಟ್ಟಿದರೆ ಹೀಟರ್ ಆಫ್ ಆಗಬೇಕು, ಅಷ್ಟೇ ಕೆಲಸ. ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ಆದರೆ ಅಳೆದು ಲೆಕ್ಕ ಹಾಕುತ್ತಾ ಕೂರಬೇಕು. ಡಿಎಸ್18ಬಿ20 ಡಿಜಿಟಲ್, ಮೈನಸ್ 10ರಿಂದ 85 ಡಿಗ್ರಿವರೆಗೆ ತಪ್ಪು ಅರ್ಧ ಡಿಗ್ರಿ ಮೀರಲ್ಲ. ಕಂಪನಿಯ ಡೇಟಾಶೀಟ್ (ವಿವರದ ಹಾಳೆ) ಓದಿಯೇ ಆರಿಸಿದ್ದೆ. ಆರಿಸಿದ್ದು ಸರಿಯಿತ್ತು, ಕೈಗೆ ಬಂದ ಮಾಲೇ ಬೇರೆ.

ಮೂರನೇ ದಿನ ಬೆಳಗ್ಗೆ ಮಾವನ ಫೋನ್. "ಏನಪ್ಪಾ, ನಿನ್ನ ಮಿಷಿನ್ 27 ಅಂತಿದೆ, ಒಳಗೆ ಕಾಲಿಟ್ಟರೆ ಚಳಿ. ಸೊಪ್ಪು ಹಾಗೇ ಬಿದ್ದಿದೆ, ಹುಳ ಇನ್ನೂ ಜ್ವರಕ್ಕೆ ಕೂತಿಲ್ಲ." ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಓಡಿದೆ. ಗೋಡೆಯ ಗಾಜಿನ ಥರ್ಮಾಮೀಟರ್‌ನಲ್ಲಿ 24.5. ಮಾವ ಏನೂ ಬಯ್ಯಲಿಲ್ಲ. ಸುಮ್ನೆ ಬೋರ್ಡ್ ಕಡೆ ನೋಡಿದರು. ಆ ನೋಟ ಮರೆಯೋಕೆ ಆಗ್ತಿಲ್ಲ.

ರಾತ್ರಿಯೆಲ್ಲಾ ನನ್ನದೇ ತಪ್ಪು ಅಂತ ಕೋಡ್ ನೋಡಿದೆ, ಸೆನ್ಸರಿನ ಡೇಟಾ ವೈರಿಗೆ ಹಾಕುವ 4.7 ಕೆ ರೆಸಿಸ್ಟರ್ ಬದಲಾಯಿಸಿದೆ, ಸೋಲ್ಡರ್ ಬಿಚ್ಚಿ ಮತ್ತೆ ಹಾಕಿದೆ. ಕೊನೆಗೆ ಸ್ಟೀಲ್ ಲೋಟಕ್ಕೆ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಸೆನ್ಸರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುಳುಗಿಸಿದೆ. ಸೊನ್ನೆ ಬರಬೇಕು ಅಲ್ವಾ? 2.4 ಬಂತು. ಇನ್ನೊಂದು 1.8. ಮತ್ತೊಂದು ಮೈನಸ್ 1.1! ಒಂದಕ್ಕೊಂದು ತಾಳೆಯೇ ಇಲ್ಲ. ಕೋಡ್‌ನಲ್ಲಿ ಒಂದೇ ಸಲ ಕಳೆದು ಸರಿಮಾಡೋಣ ಅಂದರೆ ಅದೂ ಆಗಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಅಸಲಿಯಲ್ಲಿ ಡಲ್ಲಾಸ್ ಅನ್ನುವ ಮೂಲ ಕಂಪನಿಯ ಹೆಸರನ್ನು ಲೇಸರಿನಲ್ಲಿ ಮಸುಕಾಗಿ ಕೊರೆದಿರುತ್ತಾರೆ. ನನ್ನದರಲ್ಲಿ ಬಿಳಿ ಇಂಕು, ಉಗುರಿಗೆ ಕಿತ್ತು ಬಂತು. ಕಿತ್ತು ಬಂತು! 45 ರೂಪಾಯಿಗೆ ಒಂದು ಅಂದಾಗಲೇ ನನಗೆ ಹೊಳೆಯಬೇಕಿತ್ತು.

ಸೆನ್ಸರ್ ಕೊಂಡಿದ್ದ, ಬೆಂಗಳೂರಿನ ಎಸ್‌ಪಿ ರೋಡಿನ ಆ ಅಂಗಡಿಗೆ ಹೋದೆ. ಹೆಸರು ಹೇಳಲ್ಲ. "ಒರಿಜಿನಲ್ಲೇ ಸಾರ್, ಎಲ್ರೂ ಇದೇ ತಗೊಂಡು ಹೋಗ್ತಾರೆ." ಐಸ್ ನೀರಿನ ಫೋಟೋ ತೋರಿಸಿದೆ. "ಎರಡು ಡಿಗ್ರಿ ಏನು ದೊಡ್ಡದು ಸಾರ್? ಅಷ್ಟು ಕರೆಕ್ಟಾಗಿ ಬೇಕಿದ್ರೆ ಮೊದಲೇ ಹೇಳ್ಬೇಕಿತ್ತು." ಮೊದಲೇ ಹೇಳಿದ್ದೆ! ಒರಿಜಿನಲ್ ಬೇಕು ಅಂತ ಎರಡು ಸಲ ಕೇಳಿಯೇ ದುಡ್ಡು ಕೊಟ್ಟಿದ್ದೆ. ಸೋಲ್ಡರ್ ಮಾಡದ 34 ವಾಪಸ್ ತಗೊಳ್ಳಿ ಅಂದರೆ, "ಕವರ್ ಬಿಚ್ಚಿದೀರಲ್ಲ ಸಾರ್." ಬಿಚ್ಚದೆ ಹೇಗೆ ನೋಡೋದು ಸ್ವಾಮಿ?

ನೀವು ತಗೊಳ್ಳುವಾಗ, ಪ್ರತಿ ಸೆನ್ಸರ್ ಒಳಗೂ ಎಂಟು ಬೈಟಿನ ಒಂದು ಗುರುತಿನ ಕೋಡ್ ಇರುತ್ತದಲ್ಲ, ಅದನ್ನು ಬೋರ್ಡಿನಿಂದ ಓದಿ. ನಾನು ನೋಡಿದ ಅಸಲಿಗಳಲ್ಲಿ 28ರಿಂದ ಶುರುವಾಗಿ, ಕೊನೆಯ ಬೈಟಿಗೆ ಮುಂಚೆ ಎರಡು ಬೈಟ್ ಸೊನ್ನೆ ಇತ್ತು. ಇವುಗಳಲ್ಲಿ ಇರಲಿಲ್ಲ. ಐದು ಪೀಸ್ ಮಾತ್ರ ತಂದು ಐಸ್ ನೀರಿಗೆ ಹಾಕಿ ನೋಡಿ, ಆಮೇಲೆ ಮಿಕ್ಕಿದ್ದು ತನ್ನಿ. ಬಿಲ್ ಮೇಲೆ ಒರಿಜಿನಲ್ ಅಂತ ಬರೆಸಿಕೊಳ್ಳಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಅಧಿಕೃತ ವಿತರಕರ ಹತ್ತಿರ ಹಲವು ಪಟ್ಟು ಜಾಸ್ತಿ ಆಗುತ್ತದೆ. ಆಗಲಿ. ನಾನು ಅಲ್ಲಿಂದಲೇ ನಾಲ್ಕು ತರಿಸಿ ಮಾವನ ಬೋರ್ಡಿಗೆ ಹಾಕಿದೆ. ಮಾವ ಮಾತ್ರ ಈಗಲೂ ಮೊದಲು ಗೋಡೆಯ ಥರ್ಮಾಮೀಟರನ್ನೇ ನೋಡುತ್ತಾರೆ.