ಲ್ಯಾಬಿಗೆ ತಂದ ಎಲೆಕ್ಟ್ರೋಸ್ಪಿನ್ನಿಂಗ್ ಮಷೀನು: ಕೊಳ್ಳಬಹುದಾ?

ಜೀವಕೋಶ ಬೆಳೆಸಲು ನ್ಯಾನೋಫೈಬರ್ (ಕೂದಲಿಗಿಂತ ಎಷ್ಟೋ ಸಣ್ಣ ಎಳೆ) ಹಾಳೆ ಬೇಕಿತ್ತು, ಅದಕ್ಕೆ ಹೈ ವೋಲ್ಟೇಜ್ ಕೊಟ್ಟು ದ್ರಾವಣವನ್ನು ಎಳೆ ಮಾಡುವ ಈ ಚಿಕ್ಕ ಮಷೀನು ತಗೊಂಡೆವು. ಕಂಪನಿ ಹೆಸರು ಬೇಡ ಬಿಡಿ. 30 ಕಿಲೋವೋಲ್ಟ್ ಸಪ್ಲೈ, ಸಿರಿಂಜ್ ಪಂಪ್ ಎರಡೂ ಗಟ್ಟಿ. ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನುವ ಪ್ಲಾಸ್ಟಿಕ್) ದ್ರಾವಣ 15 ಕಿಲೋವೋಲ್ಟ್‌ನಲ್ಲಿ ಸಲೀಸಾಗಿ ಎಳೆಯಾಗುತ್ತದೆ. ಎಳೆ ಸುತ್ತಿಕೊಳ್ಳುವ ಡ್ರಮ್ ಜೋರಾಗಿ ತಿರುಗಿಸಿದರೆ ಎಳೆಗಳು ಒಂದೇ ದಿಕ್ಕಿಗೆ ಸಾಲಾಗುತ್ತವೆ, ನರ, ಸ್ನಾಯುವಿನ ಜೀವಕೋಶ ಬೆಳೆಸುವ ಕೆಲಸಕ್ಕೆ ಇದೇ ಬೇಕು. ತೊಂದರೆ ಇರುವುದು ತೇವಾಂಶದ್ದು. ಅದನ್ನು ಹಿಡಿತದಲ್ಲಿಡುವ ವ್ಯವಸ್ಥೆಯೇ ಇಲ್ಲ, ಮಳೆಗಾಲದಲ್ಲಿ ನೀರು ಹೀರುವ ಜಿಲೆಟಿನ್ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯೆಲ್ಲ ಸುಮ್ನೆ ದಂಡ. ಇಷ್ಟು ದುಡ್ಡು ಕೊಟ್ಟ ಮೇಲೆ ಇದೂ ಇರಬೇಕಲ್ವಾ? ಸರ್ವೀಸ್‌ನವರು ಡೀಹ್ಯೂಮಿಡಿಫೈಯರ್ ಇಟ್ಟುಕೊಳ್ಳಿ ಅಂದರು, ಅಷ್ಟೆ. ಹಾಳೆ ಒತ್ತಾಗಿ ಬಂದು ಜೀವಕೋಶಗಳು ಒಳಗಿಳಿಯದೆ ಮೇಲೇ ಉಳಿಯುತ್ತವೆ, ಆದರೆ ಅದು ಮಷೀನಿನ ತಪ್ಪಲ್ಲ, ಈ ವಿಧಾನದ್ದೇ ತೊಡಕು. ಬರೀ ಪಿಸಿಎಲ್ ಮಾಡುವವರು ತಗೊಳ್ಳಿ. ಜಿಲೆಟಿನ್, ಕೊಲಾಜೆನ್‌ನಂಥ ಪ್ರೋಟೀನ್ ಜಾಸ್ತಿ ಬಳಸುವವರು ಬೇರೆ ಮಾಡೆಲ್ ನೋಡಿ.