ಮನೆಯ ಗ್ಲೂಕೋಮೀಟರ್: ಮಲೆನಾಡಿನ ಮಳೆಗಾಲಗಳನ್ನು ದಾಟಿದ ಮೇಲೊಂದು ವಿಮರ್ಶೆ

ಸ್ಟ್ರಿಪ್ ಸಿಕ್ಕಿಸಿ, ಬೆರಳಿಗೆ ಚುಚ್ಚಿ, ಕೆಲವೇ ಸೆಕೆಂಡಿನಲ್ಲಿ ರಕ್ತದ ಸಕ್ಕರೆಯ ಅಂಕಿ ತೋರಿಸುವ ಮೀಟರುಗಳು ಈಗ ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ಮನೆಗಳಲ್ಲಿವೆ. ಬ್ರಾಂಡ್ ಯಾವುದಾದರೂ ಸರಿ, ಮೀಟರಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡಬಹುದು. ಉಳಿದ ಒಂದನ್ನು ಕಿತ್ತುಕೊಂಡದ್ದು ಸ್ಟ್ರಿಪ್ ಡಬ್ಬಿ.

ಸ್ಟ್ರಿಪ್ ತುದಿಯಲ್ಲಿ ಕಿಣ್ವದ ತೆಳು ಲೇಪ ಇದೆ. ತೇವ ತಾಗಿದರೆ ಅದು ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಆಷಾಢದಲ್ಲಿ ಭರಣಿಯ ಉಪ್ಪೇ ನೀರೊಡೆಯುವ ಊರಿನಲ್ಲಿ ಮುಚ್ಚಳ ತೆರೆದಿಟ್ಟುಕೊಂಡು ಬೆರಳು ಒರೆಸುತ್ತ ಕೂತರೆ ಡಬ್ಬಿಯೇ ಹೋದ ಹಾಗೆ. ಒಣ ಕೈಯಲ್ಲಿ ಒಂದು ಸ್ಟ್ರಿಪ್ ತೆಗೆದು ಕೂಡಲೇ ಟಕ್ಕೆಂದು ಮುಚ್ಚಿ. ಬೇರೆ ಡಬ್ಬಿಗೆ ಸುರಿಯಬೇಡಿ, ತೇವ ಹೀರುವ ವಸ್ತು ಇರುವುದು ಮೂಲ ಡಬ್ಬಿಯಲ್ಲೇ. ಒಲೆಯ ಹತ್ತಿರವೂ ಬೇಡ, ಫ್ರಿಜ್ಜೂ ಬೇಡ. ತೆರೆದ ತಾರೀಕನ್ನು ಡಬ್ಬಿಯ ಮೇಲೆ ಬರೆದಿಡಿ. ತೆರೆದ ಮೇಲೆ ಕೆಲವು ಬ್ರಾಂಡಿಗೆ 3 ತಿಂಗಳು, ಕೆಲವಕ್ಕೆ 6 ತಿಂಗಳು ಆಯಸ್ಸು. 3 ತಿಂಗಳ ಬ್ರಾಂಡಾದರೆ, ವಾರಕ್ಕೆ ಎರಡೇ ಸ್ಟ್ರಿಪ್ ಖರ್ಚಾಗುವ ಮನೆಗೆ 50ರ ಡಬ್ಬಿ ದಂಡ, 25ರದ್ದು ಸಾಕು.

ಇನ್ನು ಬೆರಳು. ಹಲಸಿನ ತೊಳೆ ಬಿಡಿಸಿದ ಕೈಯನ್ನು ಬರೀ ಒರೆಸಿ ಚುಚ್ಚಿದರೆ ಮೀಟರ್ ಹಲಸಿನ ಸಕ್ಕರೆಯನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ಚಳಿಗಾಲದಲ್ಲಿ ರಕ್ತ ಬರದಿದ್ದರೆ ಬೆಚ್ಚಗಿನ ನೀರಲ್ಲಿ ತೊಳೆದು ಕೈ ಇಳಿಬಿಡಿ, ಬೆರಳು ಹಿಂಡಬೇಡಿ. ಚುಚ್ಚುವುದು ತುದಿಯ ನಡುವೆ ಅಲ್ಲ, ಪಕ್ಕದಲ್ಲಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಅಂಕಿ ಅಂದಾಜೇ. ಮೀಟರುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 15197:2013ರ ಪ್ರಕಾರ 100 (ಇಲ್ಲಿನ ಶುಗರ್ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ) ಅಥವಾ ಅದಕ್ಕಿಂತ ಮೇಲಿನ ರೀಡಿಂಗುಗಳಲ್ಲಿ ನೂರಕ್ಕೆ 95, ಲ್ಯಾಬ್ ಅಂಕಿಯಿಂದ ಶೇ. 15ರ ಆಚೀಚೆ ಒಳಗಿದ್ದರೆ ಸಾಕು. ಲ್ಯಾಬಿನಲ್ಲಿ 170 ಬಂದದ್ದು ಮನೆಯಲ್ಲಿ 145 ತೋರಿಸಿದರೂ, 195 ತೋರಿಸಿದರೂ ಮೀಟರ್ ಪಾಸ್. ನಿನ್ನೆ 168, ಇವತ್ತು 181 ಬಂತೆಂದು ಹೆಚ್ಚಿಗೆ ತಿಂದ ಒಂದು ಕಡುಬನ್ನು ನೆನೆದು ಹಳಹಳಿಸುವುದಕ್ಕೆ ಆಧಾರವೇ ಇಲ್ಲ. ಯಂತ್ರಕ್ಕೆ ಇಷ್ಟು ರಿಯಾಯಿತಿ ಇರುವಾಗ ತಿನ್ನುವವರಿಗೂ ಸ್ವಲ್ಪ ಇರಲಿ.

ಅತಿ ಹೆಚ್ಚು ಬೇಜಾರು ಮಾಡಿಸುವುದು ಬೆಳಗಿನ ಖಾಲಿ ಹೊಟ್ಟೆಯ ರೀಡಿಂಗ್. ರಾತ್ರಿ ಬರೀ ಸೊಪ್ಪಿನ ಪಲ್ಯ ತಿಂದು ಮಲಗಿದವರಿಗೂ 150 ಬರುವುದುಂಟು. ನಸುಕಿನಲ್ಲಿ ಏರುವ ಹಾರ್ಮೋನುಗಳಿಂದಾಗಿ ಯಕೃತ್ತು ತಾನೇ ಗ್ಲೂಕೋಸ್ ಬಿಡುತ್ತದೆ, ಅದಕ್ಕೆ ತಟ್ಟೆಯ ಮೇಲೆ ಸಿಟ್ಟಾಗಬೇಕಿಲ್ಲ. ಜ್ವರ, ನಿದ್ದೆಗೆಟ್ಟ ರಾತ್ರಿ, ಸ್ಟೀರಾಯ್ಡ್ ಮಾತ್ರೆ ಕೂಡ ಅಂಕಿ ಏರಿಸುತ್ತವೆ.

ಮೀಟರನ್ನು ಜೋಡಿಯಾಗಿ ಬಳಸಿದರೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಊಟಕ್ಕೆ ಮೊದಲು ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು, ನೋಡಬೇಕಾದದ್ದು ಎರಡರ ನಡುವಿನ ಅಂತರ. ವಾರಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಎರಡು ಅಕ್ಕಿ ರೊಟ್ಟಿಗೆ ಎಷ್ಟು, ಒಂದು ರೊಟ್ಟಿಯ ಜೊತೆ ಹುರುಳಿಕಾಳು ಪಲ್ಯ ಇದ್ದರೆ ಎಷ್ಟು? ಎರಡನ್ನೂ ಮೂರು ಮೂರು ಸಲ ನೋಡಬೇಕು, ಒಂದೇ ಸಲದ ಅಂಕಿಗೆ ಬೆಲೆಯಿಲ್ಲ. ಹನ್ನೆರಡು ಸ್ಟ್ರಿಪ್ ಹೋಗುತ್ತದೆ, ಖರ್ಚೇ ಸರಿ. ಪುಸ್ತಕದಲ್ಲಿ ಸಮಯ, ತಿಂದದ್ದು, ಎರಡು ಅಂಕಿ, ನಿದ್ದೆ ಅಥವಾ ಕಾಯಿಲೆಯ ಟಿಪ್ಪಣಿ ಇರಲಿ. ‘ತಪ್ಪು’ ಎನ್ನುವ ಕಾಲಂ ಬೇಡ, ಕೆಂಪು ಪೆನ್ನೂ ಬೇಡ.

ಚನ್ನರಾಯಪಟ್ಟಣದ ಕಡೆ ಮುದ್ದೆಯೆಂದರೆ ಶುಗರಿಗೆ ಔಷಧ ಎಂದು ನಂಬಿದವರಿಗೆ ಈ ಲೆಕ್ಕ ಚುಚ್ಚುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅಕ್ಕಿಯಲ್ಲಿ 78. ನಾರಿನಂಶ ರಾಗಿಯಲ್ಲಿ ಹೆಚ್ಚು, ನಿಜ. ಆದರೆ ಮುದ್ದೆ ದೊಡ್ಡದಾದರೆ ಶುಗರ್ ಏರುತ್ತದೆ. ಗಾತ್ರ ಇಳಿಸಿ, ಅವರೆಕಾಳು ಸಾರು ಹೆಚ್ಚಿಸಿ, ಮತ್ತೆ ಅಳೆಯಿರಿ.

ಇನ್ನೊಂದು ಕೊರಗು, ‘ಮೊದಲು ನಾಲ್ಕು ಕಡುಬು ತಿಂದರೂ ಏನೂ ಆಗ್ತಿರಲಿಲ್ಲ’. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ತಯಾರಾಗುವುದು ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಅದೇ ತಟ್ಟೆಗೆ ಅಂಕಿ ಬದಲಾಗುವುದು, ಡಾಕ್ಟರು ಮಾತ್ರೆ ಹೆಚ್ಚಿಸುವುದು ಕಾಯಿಲೆಯ ನಡೆ, ಯಾರಿಗೂ ಕೊಟ್ಟ ಶಿಕ್ಷೆ ಅಲ್ಲ. ಎರಡು ಕಡುಬಿಗೆ ಇಳಿಯುವುದನ್ನು ಸೋಲೆಂದುಕೊಂಡವರು ನಾಲ್ಕು ದಿನ ಬಿಗಿಹಿಡಿದು ಐದನೇ ದಿನ ಆರು ತಿನ್ನುತ್ತಾರೆ.

ಅಪಾಯ ಇರುವುದು ಪ್ರಾಯಶ್ಚಿತ್ತದ ಉಪವಾಸದಲ್ಲಿ. ಸಂಜೆ 240 ಬಂತೆಂದು ರಾತ್ರಿಯ ಊಟ ಬಿಟ್ಟು, ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತೆಗೆದುಕೊಂಡರೆ ನಡುರಾತ್ರಿ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ತಲೆ ಸುತ್ತು ಕಂಡರೆ ಅಳೆಯಿರಿ. ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಮಂಕಾದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಏಕಾದಶಿ, ಸಂಕಷ್ಟಿ ಹಿಡಿಯುವವರು ಮಾತ್ರೆಯ ವಿಷಯವನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಲಿ.

ಅಮ್ಮನಿಗೆ ಚುಚ್ಚಿ ನೋಡುವ ಮಕ್ಕಳಿಗೊಂದು ಮಾತು: ನೆಂಟರೆದುರು ಅಂಕಿಯನ್ನು ಗಟ್ಟಿಯಾಗಿ ಓದಬೇಡಿ. ಮೊದಲ ಪ್ರಶ್ನೆ ‘ಏನು ತಿಂದ್ರಿ?’ ಎಂದಾದರೆ ಮುಂದಿನ ಸಲ ಅವರು ಬೆರಳು ಕೊಡುವುದಿಲ್ಲ, ಕೊಟ್ಟರೂ ಹೋಳಿಗೆ ತಿಂದದ್ದನ್ನು ಹೇಳುವುದಿಲ್ಲ.

ಒಬ್ಬರ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ, ಗಂಡ ಹೆಂಡತಿಯಾದರೂ. ಬಳಸಿದ್ದನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಟ್ಟು, ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಕೇಳಿ ಕೊಡಿ. ಹಲವು ಮೀಟರುಗಳಿಗೆ ಹಾಕುವುದು 2032 ನಂಬರಿನ ಗುಂಡು ಸೆಲ್. ಒಂದು ಹೆಚ್ಚಿಗೆ ತಂದಿಡಿ, ಕೊಟ್ಟಿಗೆಹಾರದಂಥ ಕಡೆ ಮಳೆಯಲ್ಲಿ ಅಂಗಡಿಗೆ ಹೋಗಿಬರುವುದೇ ಒಂದು ಕೆಲಸ.