ಡಿ ಡಿಯಾನ್‌ನ ಮೂರು ಚಕ್ರವೋ, ವರ್ನರ್‌ನ ಎರಡು ಚಕ್ರವೋ?

ಪ್ಯಾರಿಸ್ ಪಕ್ಕದ ಪ್ಯೂಟೋದಿಂದ 1895ರಲ್ಲಿ ಡಿ ಡಿಯಾನ್-ಬೂಟನ್ ಕಂಪನಿಯ ಇಂಜಿನ್ ಇರುವ ಮೂರು ಚಕ್ರದ ಟ್ರೈಸಿಕಲ್ ಹೊರಬಂತು. 1897ರಲ್ಲಿ ವರ್ನರ್ ಸೋದರರು ಸೈಕಲ್ಲಿನ ಮುಂಚಕ್ರದ ಮೇಲೆ ಇಂಜಿನ್ ಕೂರಿಸಿ ‘ಮೋಟೋಸಿಕ್ಲೆಟ್’ ಎಂದು ಹೆಸರಿಟ್ಟರು. ಎರಡಕ್ಕೂ ಒಂದೇ ಸಿಲಿಂಡರ್. ಕ್ಲಚ್ ಇಲ್ಲ, ಏರು ಬಂದರೆ ಪೆಡಲ್ ತುಳಿಯಲೇಬೇಕು. ಸಾಮ್ಯ ಅಷ್ಟಕ್ಕೇ ಮುಗಿಯಿತು.

ಡಿ ಡಿಯಾನ್ ಸ್ಟಾರ್ಟ್ ಮಾಡಲು ಸಿಲಿಂಡರಿನ ಒತ್ತಡ ಬಿಡುವ ನಲ್ಲಿ ತೆರೆದು, ಕಿಡಿ ಯಾವಾಗ ಹಾರಬೇಕೆಂದು ಹೊಂದಿಸುವ ಲಿವರ್ ಹಿಂದಕ್ಕಿಟ್ಟು ಪೆಡಲ್ ತುಳಿಯಿರಿ. ಇಂಜಿನ್ ಹತ್ತಿಕೊಂಡ ಕೂಡಲೇ ನಲ್ಲಿ ಮುಚ್ಚಿ, ವೇಗ ಏರಿದ ಹಾಗೆ ಲಿವರ್ ಮುಂದಕ್ಕೆ ತಳ್ಳಿ. ಹತ್ತದಿದ್ದರೆ ಮೊದಲು ಪಾಯಿಂಟ್, ಅಂದರೆ ಕರೆಂಟ್ ಕೂಡಿಸಿ ಕಡಿಯುವ ಜಾಗ, ನೋಡಿ. ಇಂಜಿನ್ ತಿರುಗಿಸುವ ಬಿಲ್ಲೆಯಾದ ಕ್ಯಾಮಿನ ಕಚ್ಚಿಗೆ ಸ್ಪ್ರಿಂಗ್ ಪಟ್ಟಿಯ ತುದಿ ಬಿದ್ದಾಗ ಪಟ್ಟಿ ನಡುಗಿ ಪ್ಲಾಟಿನಂ ಸ್ಕ್ರೂಗೆ ತಾಗಿ ಬಿಡುತ್ತದೆ. ಕಿಡಿ ಹುಟ್ಟುವುದು ಆಗಲೇ. ಸ್ಕ್ರೂ ಕೂದಲೆಳೆಯಷ್ಟು ಬಿಗಿಯಾದರೂ ಕರೆಂಟ್ ಕಡಿಯದೆ ಬ್ಯಾಟರಿ ಸೋರಿಹೋಗುತ್ತದೆ, ಸಡಿಲವಾದರೆ ಕಿಡಿಯೇ ಇಲ್ಲ.

ಪಾಯಿಂಟ್ ಸರಿಯಿದ್ದರೆ ಪೆಟ್ರೋಲನ್ನೇ ಅನುಮಾನಿಸಬೇಕು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಈ ಕಾರ್ಬುರೇಟರಿಗೆ ಜೆಟ್, ಅಂದರೆ ಪೆಟ್ರೋಲ್ ಚಿಮ್ಮಿಸುವ ಸಣ್ಣ ತೂತು, ಇಲ್ಲ. ಪೆಟ್ರೋಲಿನ ಮೇಲೆ ಹಾಯುವ ಗಾಳಿ ಆವಿಯನ್ನು ಹೊತ್ತೊಯ್ಯುತ್ತದೆ. ಹಗುರಾದ ಅಂಶ ಮೊದಲು ಹೋಗಿ ತಳದಲ್ಲಿ ಭಾರದ್ದು ಉಳಿಯುವುದರಿಂದ, ನಾಲ್ಕು ದಿನ ನಿಂತ ಗಾಡಿ ಹಟ ಹಿಡಿಯುತ್ತದೆ. ಹಳೆಯದರ ಮೇಲೆ ಹೊಸದು ಸುರಿಯಬೇಡಿ, ಪೂರ್ತಿ ಬಸಿದುಬಿಡಿ. ಇನ್ನು ಗಾಳಿ ಎಳೆಯುವ ವಾಲ್ವ್. ಅದನ್ನು ತೆರೆಯುವುದು ಪಿಸ್ಟನ್ನಿನ ಎಳೆತ ಮಾತ್ರ, ಹಾಗಾಗಿ ಎಣ್ಣೆ ಜಿಗುಟಾದರೆ ಕಚ್ಚಿಕೊಳ್ಳುತ್ತದೆ. ಕೆಲವು ಹನಿ ಸೀಮೆಎಣ್ಣೆ ಸಾಕು.

ವರ್ನರ್ ಹಗುರ, ಇಕ್ಕಟ್ಟಿನ ದಾರಿಯಲ್ಲೂ ನುಸುಳುತ್ತದೆ. ಆದರೆ ಇಂಜಿನ್ನಿನ ಭಾರವೆಲ್ಲ ಎತ್ತರದಲ್ಲಿ, ಹ್ಯಾಂಡಲ್ ಮುಂದೆಯೇ ಇದೆ. ಒದ್ದೆ ರಸ್ತೆಯಲ್ಲಿ ಚಕ್ರ ಅಡ್ಡ ಜಾರಿದರೆ ಸಾವರಿಸಿಕೊಳ್ಳುವುದು ಬಹಳ ಕಷ್ಟ. ಮೊದಲ ಮಾದರಿಗಳಲ್ಲಿ ಕಿಡಿಯ ಬದಲು ಬರ್ನರಿನಿಂದ ಕಾಯಿಸಿದ ಕೊಳವೆ ಇತ್ತು. ಗಾಡಿ ಮಗುಚಿದರೆ ಚೆಲ್ಲಿದ ಪೆಟ್ರೋಲಿಗೆ ಬೆಂಕಿ! ಬೇಗನೆ ಕಿಡಿ ಹುಟ್ಟಿಸುವ ಕಾಯಿಲ್ ಬಂದದ್ದು ಪುಣ್ಯ. ಚಕ್ರ ತಿರುಗಿಸುವ ಬೆಲ್ಟ್ ನೆನೆದರೆ ರಾಟೆಯ ಮೇಲೆ ಜಾರುತ್ತದೆ. ಡಿ ಡಿಯಾನ್‌ನ ಹಲ್ಲುಚಕ್ರಕ್ಕೆ ಆ ಕಾಟವಿಲ್ಲ.

ಟ್ರೈಸಿಕಲ್ಲಿಗೂ ದೋಷವಿದೆ. ಮೂರು ಚಕ್ರಕ್ಕೆ ಮೂರು ಜಾಡು, ಒಂದು ಗುಂಡಿ ತಪ್ಪಿಸಿದರೆ ಇನ್ನೊಂದಕ್ಕೆ ಬೀಳುತ್ತೀರಿ. ತಿರುವಿನಲ್ಲಿ ಮೈಯನ್ನು ಒಳಗಡೆಗೆ ವಾಲಿಸದಿದ್ದರೆ ಒಳಚಕ್ರ ನೆಲ ಬಿಡುತ್ತದೆ.

ಆದರೂ ಮಳೆಯ ದೇಶಕ್ಕೆ, ದೂರದ ಹಾದಿಗೆ ನಾವು ಡಿ ಡಿಯಾನನ್ನೇ ಹೇಳುವುದು. ಇಂಜಿನ್ನನ್ನು ಪೆಡಲಿನ ಜಾಗಕ್ಕೆ ಇಳಿಸಿದ 1901ರ ವರ್ನರ್ ಪಕ್ಕದಲ್ಲಿದ್ದರೆ ಮಾತು ಬೇರೆ. ಅದರಲ್ಲಿ ಹ್ಯಾಂಡಲ್ ಕೈಗೆ ಹಗುರ, ಭಾರ ನೆಲಕ್ಕೆ ಹತ್ತಿರ. ಆಗ ಮೂರನೆಯ ಚಕ್ರ ಬೇಕಾಗಿಲ್ಲ.